ಕಾಣುವ ಹೆಸರು, ಒಳಗಿರುವ ಹೆಸರು: ಅಡಿಕೆ ಅಂಗಡಿಯ ಆ್ಯಪಿನಲ್ಲಿ ಎದುರಾದ ತೊಡಕುಗಳು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನನ್ನ ಸೋದರಮಾವನವರಿಗೆ ಅಡಿಕೆ ಖರೀದಿಯ ಅಂಗಡಿಯಿದೆ. ಅಂಗಡಿಯ ವಿಂಡೋಸ್ ಕಂಪ್ಯೂಟರುಗಳಿಗಾಗಿ ಪೈಥಾನಿನಲ್ಲಿ ಒಂದು ತಂತ್ರಾಂಶವನ್ನೂ, ತೋಟದ ಮನೆಗಳಿಗೆ ಹೋಗಿ ತೂಕ ಮಾಡಿ ತರುವವರಿಗಾಗಿ ಫ್ಲಟರಿನಲ್ಲಿ ಒಂದು ಆಂಡ್ರಾಯ್ಡ್ ಆ್ಯಪನ್ನೂ ಬರೆದಿದ್ದೇನೆ. ಎರಡೂ ಕಡೆ ಮಾಹಿತಿಯನ್ನು ಒಂದು ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಡೇಟಾಬೇಸ್ ಇದೆ. ಮೊಬೈಲಿನ ಬಿಲ್ಲುಗಳು ಒಂದು ಸಣ್ಣ ಸರ್ವರಿನ ಮೂಲಕ ಅಂಗಡಿಗೆ ಬರುತ್ತವೆ. ಈಗ ಐದು ತೊಂದರೆಗಳಿವೆ. ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಬೆಳೆಗಾರರ ಹೆಸರು ಹುಡುಕಿದರೆ ಸಿಗುವುದಿಲ್ಲ, ಮಲಯಾಳದಲ್ಲಿ ದಾಖಲಾದ ಹೆಸರುಗಳಂತೂ ಇನ್ನೂ ಕಷ್ಟ. ಸಿಗ್ನಲ್ ಇಲ್ಲದ ಕಡೆಯಿಂದ ಹಿಂದಿರುಗಿದಾಗ ಕೆಲವು ಬಿಲ್ಲುಗಳು ಎರಡೆರಡು ಸಲ ದಾಖಲಾಗುತ್ತವೆ. ಒಂದೇ ತೂಕಕ್ಕೆ ಮೊಬೈಲು ಒಂದು ಮೊತ್ತವನ್ನೂ ಕಂಪ್ಯೂಟರು ಅದಕ್ಕಿಂತ ಒಂದು ರೂಪಾಯಿ ಕಡಿಮೆ ಮೊತ್ತವನ್ನೂ ತೋರಿಸುವುದುಂಟು. ಎರಡನೆಯ ಕಂಪ್ಯೂಟರಿನಿಂದ ಅದೇ ಫೈಲನ್ನು ತೆರೆದಾಗ ‘ಡೇಟಾಬೇಸ್ ಲಾಕ್ ಆಗಿದೆ’ ಎಂಬ ಸಂದೇಶ ಬರುತ್ತದೆ ಅಥವಾ ಕಿಟಕಿ ಅಲ್ಲಾಡದೆ ನಿಲ್ಲುತ್ತದೆ. ಸಣ್ಣ ರಸೀದಿ ಪ್ರಿಂಟರಿನಲ್ಲಿ ಕನ್ನಡದ ಬದಲು ಚೌಕಗಳು ಬರುತ್ತವೆ. ಯಾವುದರಿಂದ ಆರಂಭಿಸಬೇಕು?

ಉತ್ತರ: ಕೋಡಿಗೆ ಕೈಹಾಕುವ ಮೊದಲು ಈ ದಿನವೇ ಒಂದು ಕೆಲಸ ಮಾಡಿ. ಅಂಗಡಿ ಮುಚ್ಚಿದ ಮೇಲೆ ಎರಡೂ ಕಂಪ್ಯೂಟರುಗಳಲ್ಲಿ ತಂತ್ರಾಂಶವನ್ನು ನಿಲ್ಲಿಸಿ ಡೇಟಾಬೇಸಿನ ಫೈಲನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಮುಂದೆ ‘ವಾಲ್’ ಎಂಬ ಬಾಲವಿರುವ ಇನ್ನೊಂದು ಫೈಲು ಕಂಡರೆ ಅದನ್ನೂ ಜತೆಗೇ ತೆಗೆದುಕೊಳ್ಳಿ. ಇತ್ತೀಚಿನ ಬರಹಗಳು ಮೂಲ ಫೈಲಿಗೆ ಸೇರದೆ ಆ ಎರಡನೆಯ ಫೈಲಿನಲ್ಲೇ ಉಳಿದಿರಬಹುದು. ಮುಂದೆ ನಾನು ಹೇಳುವ ತಿದ್ದುಪಡಿಗಳಲ್ಲಿ ಕೆಲವು ಹಳೆಯ ದಾಖಲೆಗಳನ್ನು ಮುಟ್ಟುತ್ತವೆ, ಆ ದಾಖಲೆಗಳು ಬೆಳೆಗಾರರ ಹಣದ ಲೆಕ್ಕ.

ನಿಮ್ಮ ಐದು ದೂರುಗಳಲ್ಲಿ ಮೊದಲ ಮೂರು ಒಂದೇ ಬೇರಿನಿಂದ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ. ಪರದೆಯ ಮೇಲೆ ಕಾಣುತ್ತಿರುವುದೇ ಒಳಗೆ ಸಂಗ್ರಹವಾಗಿದೆ ಎಂದು ನಿಮ್ಮ ಕೋಡು ನಂಬಿಕೊಂಡಿದೆ. ಒಂದೇ ಬಗೆಯಾಗಿ ಕಾಣುವ ಎರಡು ಹೆಸರುಗಳು ಒಳಗೆ ಬೇರೆ ಬೇರೆಯಾಗಿರುತ್ತವೆ, ‘ಕಳುಹಿಸಲು ಆಗಲಿಲ್ಲ’ ಎಂದು ಕಂಡ ಬಿಲ್ಲು ಸರ್ವರಿನಲ್ಲಿ ಆಗಲೇ ಕುಳಿತಿರುತ್ತದೆ, ಪೂರ್ಣ ರೂಪಾಯಿಯಾಗಿ ಕಂಡ ಮೊತ್ತದ ಹಿಂದೆ ಐವತ್ತು ಪೈಸೆಯೊಂದು ಅಡಗಿರುತ್ತದೆ. ಆದ್ದರಿಂದ ಪ್ರತಿಯೊಂದಕ್ಕೂ ತೇಪೆ ಹಚ್ಚುವ ಬದಲು ಒಳಗೆ ಏನಿದೆ ಎಂಬುದನ್ನು ನೋಡುವ ಅಭ್ಯಾಸದಿಂದ ಆರಂಭಿಸಿ.

ಹೆಸರಿನ ವಿಷಯವನ್ನು ನಾನು ಉಳಿದೆಲ್ಲಕ್ಕಿಂತ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಕಡೆ ಇದು ಉಳಿದ ಊರುಗಳಿಗಿಂತ ಹೆಚ್ಚು ತೊಡಕಿನದು, ಮತ್ತು ಇದಕ್ಕೆ ಸಿದ್ಧ ಉತ್ತರ ಎಲ್ಲೂ ಸಿಗುವುದಿಲ್ಲ. ಸಿಗದೆ ಹೋದ ಹೆಸರುಗಳಲ್ಲಿ ಒಂದನ್ನು ಡೇಟಾಬೇಸಿನಿಂದ ತೆಗೆದು, ಅದರ ಪ್ರತಿ ಅಕ್ಷರದ ಯುನಿಕೋಡ್ ಸಂಖ್ಯೆಯನ್ನು (ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಪ್ರತಿ ಚಿಹ್ನೆಗೂ ಇರುವ ಸಂಖ್ಯೆ) ಮುದ್ರಿಸುವ ನಾಲ್ಕು ಸಾಲಿನ ಕೋಡು ಬರೆಯಿರಿ. ಪೈಥಾನಿನಲ್ಲಿ ‘ಆರ್ಡ್’ ಎಂಬ ಫಂಕ್ಷನ್ನು, ಫ್ಲಟರಿನ ಭಾಷೆಯಾದ ಡಾರ್ಟಿನಲ್ಲಿ ‘ರೂನ್ಸ್’ ಎಂಬ ಗುಣ ಆ ಸಂಖ್ಯೆಗಳನ್ನು ಕೊಡುತ್ತವೆ. ಬಳಿಕ ಅದೇ ಹೆಸರನ್ನು ನಿಮ್ಮ ಕೀಲಿಮಣೆಯಿಂದ ಹೊಸದಾಗಿ ಟೈಪಿಸಿ ಅದರ ಸಂಖ್ಯೆಗಳನ್ನೂ ಕೆಳಗೆ ಮುದ್ರಿಸಿ ಹೋಲಿಸಿ. ‘ಶಂಕರ’ ಎಂಬುದು 3254, 3202, 3221, 3248 ಎಂದು ಬರಬೇಕು. ಹಳೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿ 3202ರ ಬದಲು 3302 ಇದ್ದರೆ, ಯಾರೋ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿದ್ದಾರೆ ಎಂದರ್ಥ. ‘ಶಂಕರ’ ಮತ್ತು ‘ಶ೦ಕರ’ ಇವೆರಡರ ನಡುವಿನ ವ್ಯತ್ಯಾಸವನ್ನು ಕಣ್ಣು ಕಂಡುಹಿಡಿಯಲಾರದು, ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಪದಗಳು. ಹಿಂದೊಮ್ಮೆ ಒಂದು ಸಂಸ್ಥೆಯ ಸದಸ್ಯರ ಪಟ್ಟಿಯನ್ನು ಹಳೆಯ ಫಾಂಟಿನಿಂದ ಯುನಿಕೋಡಿಗೆ ತಂದುಕೊಟ್ಟಾಗ ನಾನು ಇದನ್ನು ಗಮನಿಸದೆ ಬಿಟ್ಟಿದ್ದೆ. ಅನುಸ್ವಾರವಿರುವ ಹೆಸರಿನವರು ಬಂದು ತಮ್ಮ ಹೆಸರು ಪಟ್ಟಿಯಲ್ಲೇ ಇಲ್ಲವೆಂಬ ಉತ್ತರ ಪಡೆದು ಹಿಂದಿರುಗಿದ್ದರು. ಆ ತಪ್ಪು ಸಂಪೂರ್ಣವಾಗಿ ನನ್ನದು, ಅದರ ನೆನಪಿನಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ಕಾರಣ ಸ್ವರಚಿಹ್ನೆಗಳದು. ‘ಕೊರಗಪ್ಪ’ ಎಂಬ ಹೆಸರಿನ ಮೊದಲ ಅಕ್ಷರದಲ್ಲಿರುವ ಒಕಾರವನ್ನು 3274 ಎಂಬ ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, 3270 ಮತ್ತು 3266 ಎಂಬ ಎರಡು ತುಂಡುಗಳಾಗಿಯೂ ಬರೆಯಬಹುದು. ಈ ಎರಡು ಬರಹಗಳು ಸಮಾನವೆಂದು ಯುನಿಕೋಡ್ ಒಪ್ಪುತ್ತದೆ, ಆದರೆ ಎಸ್‌ಕ್ಯೂಲೈಟ್ ತಾನಾಗಿ ಒಪ್ಪುವುದಿಲ್ಲ. ದೀರ್ಘ ಈಕಾರ, ಏಕಾರ, ಐಕಾರ, ಓಕಾರಗಳಿಗೂ ಇದೇ ಸ್ಥಿತಿ. ಇದಕ್ಕೆ ಪರಿಹಾರ ಸುಲಭ: ‘ಎನ್‌ಎಫ್‌ಸಿ’ ಎಂಬ ಸಾಮಾನ್ಯೀಕರಣದ ವಿಧಾನ ತುಂಡುಗಳನ್ನು ಕೂಡಿಸಿ ಒಂದಾಗಿಸುತ್ತದೆ. ಪೈಥಾನಿನಲ್ಲಿ ಅದು ಮೂಲ ಲೈಬ್ರರಿಯಲ್ಲೇ ಇದೆ, ಡಾರ್ಟಿನಲ್ಲಿ ಪ್ರತ್ಯೇಕ ಪ್ಯಾಕೇಜು ಬೇಕಾಗುತ್ತದೆ. ಮೂರನೆಯ ಕಾರಣ ಕಾಣದಿರುವ ಅಕ್ಷರಗಳು. ‘ಭಟ್’ ಎಂದು ಟೈಪಿಸಿದಾಗ ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ 8204 ಎಂಬ ಅಗೋಚರ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅದು ಅನಗತ್ಯವಾದ ಕಸವಲ್ಲ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರವು ಒತ್ತಾಗಿ ಇಳಿಯದಂತೆ ತಡೆಯುವುದು ಅದೇ. ಆದ್ದರಿಂದ ಸಂಗ್ರಹಿಸಿದ ಹೆಸರಿನಿಂದ ಅದನ್ನು ಕಿತ್ತುಹಾಕಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ಪ್ರತಿ ಬೆಳೆಗಾರನ ದಾಖಲೆಯಲ್ಲಿ, ಬರೆದ ಹಾಗೆಯೇ ಉಳಿಯುವ ಹೆಸರಿನ ಪಕ್ಕದಲ್ಲಿ, ಹುಡುಕುವುದಕ್ಕೆಂದೇ ಇನ್ನೊಂದು ಕಾಲಂ ಇಡಿ. ಅದನ್ನು ಹುಡುಕುಗೀಲಿ ಎಂದು ಕರೆಯೋಣ. ಹೆಸರನ್ನು ಉಳಿಸುವಾಗಲೆಲ್ಲ ಅದನ್ನು ಎನ್‌ಎಫ್‌ಸಿಗೆ ತಂದು, ಎರಡೂ ಪಕ್ಕದಲ್ಲಿ ಕನ್ನಡ ಅಕ್ಷರವಿರುವ ಸೊನ್ನೆಯನ್ನು ಅನುಸ್ವಾರವಾಗಿಸಿ, ಅಗೋಚರ ಚಿಹ್ನೆಗಳನ್ನು ತೆಗೆದು, ‘ಕೆ. ಈಶ್ವರ’ ಮತ್ತು ‘ಕೆ.ಈಶ್ವರ’ ಒಂದೇ ಆಗುವಂತೆ ಚುಕ್ಕೆ ಮತ್ತು ಖಾಲಿ ಜಾಗಗಳನ್ನು ಏಕರೂಪಗೊಳಿಸಿ ಆ ಕಾಲಮಿನಲ್ಲಿ ಬರೆಯಿರಿ. ಹುಡುಕುವವರು ಟೈಪಿಸಿದ ಪದವನ್ನೂ ಇದೇ ಫಂಕ್ಷನಿನ ಮೂಲಕ ಹಾಯಿಸಿ ಆ ಕಾಲಮಿನಲ್ಲಿ ಮಾತ್ರ ಹುಡುಕಿ. ಪೈಥಾನಿನ ಫಂಕ್ಷನ್ನೂ ಡಾರ್ಟಿನ ಫಂಕ್ಷನ್ನೂ ಒಂದೇ ಹೆಸರಿಗೆ ಒಂದೇ ಹುಡುಕುಗೀಲಿಯನ್ನು ಕೊಡುತ್ತವೆಯೇ ಎಂಬುದನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ.

ಮಲಯಾಳದ ಹೆಸರುಗಳಿಗೆ ಇನ್ನೂ ಒಂದು ಹೆಜ್ಜೆ ಬೇಕು, ಅದರ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ‘ನಾರಾಯಣನ್’, ‘ರಹ್ಮಾನ್’ ಮುಂತಾದ ಹೆಸರುಗಳ ಕೊನೆಯಲ್ಲಿ ಮಲಯಾಳದವರು ಬರೆಯುವ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ವಿಶೇಷ ರೂಪಗಳು) 2008ರಲ್ಲಿ ಬಂದ ಯುನಿಕೋಡ್ 5.1 ಆವೃತ್ತಿಯವರೆಗೆ ಸ್ವಂತ ಸಂಖ್ಯೆಗಳಿರಲಿಲ್ಲ. ವ್ಯಂಜನ, ಅದರ ಸ್ವರವನ್ನು ತೆಗೆಯುವ ಚಂದ್ರಕಲೆ ಮತ್ತು 8205 ಎಂಬ ಅಗೋಚರ ಚಿಹ್ನೆ, ಈ ಮೂರನ್ನು ಜೋಡಿಸಿ ಚಿಲ್ಲನ್ನು ಬರೆಯಲಾಗುತ್ತಿತ್ತು. ಆ ಆವೃತ್ತಿಯಲ್ಲಿ 3450ರಿಂದ 3455ರವರೆಗೆ ಪ್ರತ್ಯೇಕ ಚಿಲ್ಲಕ್ಷರಗಳು ಬಂದವು. ಹಳೆಯ ಕ್ರಮದ ಬರಹಗಳು ಇನ್ನೂ ಎಲ್ಲೆಡೆ ಇವೆ, ಮತ್ತು ಎನ್‌ಎಫ್‌ಸಿ ಈ ಎರಡನ್ನು ಒಂದುಗೂಡಿಸುವುದಿಲ್ಲ. ಆದ್ದರಿಂದ ಹಳೆಯ ಮೂರು ತುಂಡುಗಳ ಚಿಲ್ಲನ್ನು ಮೊದಲು ಹೊಸ ಒಂಟಿ ಚಿಲ್ಲಾಗಿ ಬದಲಿಸಿ, ಆಮೇಲೆ ಮಾತ್ರ ಅಗೋಚರ ಚಿಹ್ನೆಗಳನ್ನು ತೆಗೆಯಿರಿ. ಕ್ರಮ ತಿರುಗಿಸಿದರೆ ಚಿಲ್ಲಿನ ಗುರುತೇ ಅಳಿದುಹೋಗಿ, ಬರಿಯ ಚಂದ್ರಕಲೆಯ ವ್ಯಂಜನ ಉಳಿದುಬಿಡುತ್ತದೆ.

ಇನ್ನು ಕನ್ನಡದಲ್ಲಿ ಟೈಪಿಸಿ ಮಲಯಾಳದ ಹೆಸರನ್ನು ಹುಡುಕುವ ಬಯಕೆ. ಪಡಿತರ ಚೀಟಿಯಲ್ಲಿ ಮಲಯಾಳ, ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷು, ಮನೆಯ ಮಾತಿನಲ್ಲಿ ಕನ್ನಡವೋ ತುಳುವೋ ಇರುವ ನಮ್ಮ ಊರಿನಲ್ಲಿ ಈ ಬಯಕೆ ಸಹಜ. ಯುನಿಕೋಡಿನಲ್ಲಿ ಕನ್ನಡದ ಪಾಲು 3200ರಿಂದ 3327ರವರೆಗೆ, ಅದರ ಬೇಲಿಯಾಚೆಗೇ 3328ರಿಂದ 3455ರವರೆಗೆ ಮಲಯಾಳದ ಪಾಲು. ಎರಡೂ ಒಂದೇ ವಿನ್ಯಾಸದಲ್ಲಿ ಹಂಚಿಕೆಯಾಗಿರುವುದರಿಂದ ಮಲಯಾಳದ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಬಹುಮಟ್ಟಿಗೆ ಅದೇ ಉಚ್ಚಾರಣೆಯ ಕನ್ನಡ ಅಕ್ಷರ ಸಿಗುತ್ತದೆ: ಮಲಯಾಳದ ಕಕಾರ 3349, ಕನ್ನಡದ ಕಕಾರ 3221. ಇದರ ನೆರವಿನಿಂದ ಮಲಯಾಳದ ಹೆಸರಿಗೂ ಕನ್ನಡದ ಹುಡುಕುಗೀಲಿಯನ್ನು ತಯಾರಿಸಬಹುದು. ಆದರೆ ಕೆಲವು ಕಡೆ ಕೈಯಿಂದ ಕೋಷ್ಟಕ ಬರೆಯಬೇಕು. ಚಿಲ್ಲುಗಳನ್ನು ಆಯಾ ವ್ಯಂಜನದ ಅರ್ಧಾಕ್ಷರಗಳಾಗಿಸಬೇಕು. ‘ಕೋಳಿಕ್ಕೋಡ್’ ಎಂದು ನಾವು ಬರೆಯುವ ಊರಿನ ಹೆಸರಿನಲ್ಲಿ ಮಲಯಾಳದವರು ಬಳಸುವ ವಿಶಿಷ್ಟ ಳಕಾರದಿಂದ 128 ಕಳೆದರೆ ಖಾಲಿ ಸ್ಥಾನ ಬರುತ್ತದೆ, ಅದನ್ನು ‘ಳ’ ಎಂದೇ ಇಡಬೇಕು. ಅವರ ಗಡಸು ರಕಾರ ‘ಱ’ ಆಗುತ್ತದೆ, ಅದನ್ನು ‘ರ’ ಮಾಡಬೇಕು. ಊರಿನ ಹೆಸರುಗಳನ್ನು ಮಾತ್ರ ಈ ದಾರಿಯಲ್ಲಿ ಹೊಂದಿಸಲು ಹೋಗಬೇಡಿ. ‘ಮಂಜೇಶ್ವರ’ ಮತ್ತು ‘ಮಂಜೇಶ್ವರಂ’, ‘ಕುಂಬಳೆ’ ಮತ್ತು ‘ಕುಂಬ್ಳ’ ಇವುಗಳ ನಡುವಿನ ದೂರವನ್ನು ಅಕ್ಷರದ ಲೆಕ್ಕ ಸರಿಪಡಿಸಲಾರದು. ಊರುಗಳಿಗೆ ಪ್ರತ್ಯೇಕ ಕೋಷ್ಟಕವಿರಲಿ, ಒಂದು ಊರಿಗೆ ಒಂದು ಸಂಖ್ಯೆ, ಆ ಸಂಖ್ಯೆಗೆ ಎಷ್ಟು ರೂಪದ ಹೆಸರುಗಳು ಬಳಕೆಯಲ್ಲಿವೆಯೋ ಅಷ್ಟೂ ಸೇರಿರಲಿ; ಬೆಳೆಗಾರನ ದಾಖಲೆಯಲ್ಲಿ ಊರಿನ ಸಂಖ್ಯೆ ಮಾತ್ರ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಹುಡುಕುಗೀಲಿ ಒಂದೇ ಆಯಿತೆಂದು ಎರಡು ಖಾತೆಗಳನ್ನು ತಂತ್ರಾಂಶವೇ ಕೂಡಿಸಿಬಿಡುವಂತೆ ಎಂದೂ ಮಾಡಬೇಡಿ. ಈಶ್ವರ ಭಟ್, ಅಬ್ದುಲ್ಲ, ನಾರಾಯಣ ಎಂಬ ಹೆಸರಿನವರು ಒಂದೇ ಪಂಚಾಯತಿನಲ್ಲಿ ಹಲವರಿರುತ್ತಾರೆ, ಅವರನ್ನು ಬೇರ್ಪಡಿಸುವುದು ಮನೆಯ ಹೆಸರು. ಮೊಬೈಲ್ ಸಂಖ್ಯೆಯೂ ಗುರುತಾಗಲಾರದು. ಒಂದೇ ಸಂಖ್ಯೆಯನ್ನು ಅಪ್ಪನೂ ಮಗನೂ ಕೊಟ್ಟಿರುತ್ತಾರೆ. ಪ್ರತಿಯೊಬ್ಬರಿಗೂ ಅಂಗಡಿಯದೇ ಒಂದು ಖಾತೆ ಸಂಖ್ಯೆ ಕೊಡಿ, ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷಿನ ಮೂರು ಕಾಲಮುಗಳಲ್ಲಿ ಬರೆಯಲು ಜಾಗ ಬಿಡಿ, ಹುಡುಕಿದಾಗ ಹೊಂದುವವರೆಲ್ಲರನ್ನೂ ಮನೆಯ ಹೆಸರಿನೊಂದಿಗೆ ತೋರಿಸಿ, ಆಯ್ಕೆ ಮಾಡುವ ಕೆಲಸವನ್ನು ಬೆಳೆಗಾರರನ್ನು ಬಲ್ಲ ನಿಮ್ಮ ಮಾವನವರಿಗೆ ಬಿಡಿ.

ಅಕಾರಾದಿಯ ಬಗ್ಗೆ ಒಂದು ಮಾತು ಸಾಕು. ಎಸ್‌ಕ್ಯೂಲೈಟ್ ತನ್ನಷ್ಟಕ್ಕೆ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಯುನಿಕೋಡಿನಲ್ಲಿ ‘ಳ’ 3251ನೆಯದು, ‘ವ’ 3253ನೆಯದು, ಆದ್ದರಿಂದ ವರ್ಣಮಾಲೆಯ ತುದಿಯಲ್ಲಿರಬೇಕಾದ ಳಕಾರ ಮುಂದೆ ನುಗ್ಗಿ ‘ಬಸವ’ನಿಗಿಂತ ಮೊದಲು ‘ಬಳ್ಳ’ ಬರುತ್ತದೆ. ಹಲವು ಭಾಷೆಗಳ ಅಕ್ಷರಕ್ರಮ ಬಲ್ಲ ಐಸಿಯು ಲೈಬ್ರರಿಯ ಕನ್ನಡ ಅನುಕ್ರಮವನ್ನು ಬಳಸಿ ಪಟ್ಟಿ ಜೋಡಿಸಿ, ಈ ಎರಡು ಪದಗಳನ್ನೇ ಕೊಟ್ಟು ಫಲಿತಾಂಶ ನೋಡಿ.

ಈಗ ಎರಡು ಸಲ ದಾಖಲಾಗುವ ಬಿಲ್ಲುಗಳು. ಐದು ತೊಂದರೆಗಳಲ್ಲಿ ಹಣಕ್ಕೆ ನೇರವಾಗಿ ಪೆಟ್ಟು ಕೊಡುವುದು ಇದೇ. ಬಂದಡ್ಕದ ಆಚೆಯ ಕಣಿವೆಯಲ್ಲಿ ತೂಕ ಮುಗಿಸಿ, ಗುಡ್ಡ ಹತ್ತುವಾಗ ಒಂದು ಕ್ಷಣ ಸಿಗ್ನಲ್ ಸಿಕ್ಕಿ, ಆ್ಯಪು ಬಿಲ್ಲನ್ನು ಕಳುಹಿಸಿತೆಂದು ಭಾವಿಸಿ. ಬಿಲ್ಲು ಸರ್ವರನ್ನು ತಲುಪಿತು, ದಾಖಲಾಯಿತು. ‘ತಲುಪಿತು’ ಎಂಬ ಮರುತ್ತರ ಹಿಂದಿರುಗುವಷ್ಟರಲ್ಲಿ ವಾಹನ ತಿರುವು ದಾಟಿ ಸಿಗ್ನಲ್ ಹೋಯಿತು. ಆ್ಯಪಿನ ಕಣ್ಣಿಗೆ ಇದು ವಿಫಲ ಪ್ರಯತ್ನ, ಅದು ಮತ್ತೆ ಕಳುಹಿಸುತ್ತದೆ, ಸರ್ವರು ಅದನ್ನು ಹೊಸ ಬಿಲ್ಲೆಂದು ಬರೆದುಕೊಳ್ಳುತ್ತದೆ. ಇಲ್ಲಿ ಜಾಲವನ್ನು ದೂರಿ ಫಲವಿಲ್ಲ. ಉತ್ತರ ಬಾರದಿದ್ದಾಗ ಹೋದದ್ದು ತಲುಪಿತೋ ಇಲ್ಲವೋ ಎಂದು ಕಳುಹಿಸಿದವನಿಗೆ ತಿಳಿಯುವ ದಾರಿಯೇ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಕೋಡು ಬರೆಯಬೇಕು.

ಬಿಲ್ಲು ಹುಟ್ಟುವ ಕ್ಷಣದಲ್ಲೇ, ಮೊಬೈಲಿನಲ್ಲೇ, ಅದಕ್ಕೆ ಜಗತ್ತಿನಲ್ಲಿ ಬೇರೆಲ್ಲೂ ಬಾರದಂಥ ಒಂದು ಗುರುತನ್ನು ಕೊಡಿ. ‘ಯುಯುಐಡಿ’ ಎಂದು ಕರೆಯುವ 128 ಬಿಟ್‌ಗಳ ಸಂಖ್ಯೆ ಇದಕ್ಕೆಂದೇ ಇದೆ. ಎಷ್ಟು ಸಲ ಮರುಕಳುಹಿಸಿದರೂ ಅದೇ ಗುರುತು ಹೋಗಲಿ. ಸರ್ವರಿನ ಕೋಷ್ಟಕದಲ್ಲಿ ಆ ಕಾಲಂ ಅನನ್ಯವಾಗಿರಬೇಕೆಂಬ ನಿರ್ಬಂಧ ಹಾಕಿ, ಆಗಲೇ ಇರುವ ಗುರುತು ಮತ್ತೆ ಬಂದರೆ ದೋಷವನ್ನು ಹಿಂದಿರುಗಿಸದೆ ಮೊದಲ ಸಲ ಕೊಟ್ಟ ಉತ್ತರವನ್ನೇ ಮತ್ತೆ ಕೊಡುವಂತೆ ಮಾಡಿ. ‘ಇದೇ ಹೆಸರು, ಇದೇ ದಿನ, ಇದೇ ತೂಕ ಇದ್ದರೆ ನಕಲು ಎಂದು ತಿಳಿ’ ಎಂಬ ಸುಲಭದ ದಾರಿ ಹಿಡಿಯಬೇಡಿ. ಒಬ್ಬರೇ ಬೆಳೆಗಾರರು ಒಂದೇ ದಿನ ತಲಾ 50 ಕಿಲೋ ತೂಗುವ ಎರಡು ಗೋಣಿ ಹೊಸ ಚಾಲಿ ಅಡಿಕೆಯನ್ನು ಎರಡು ಬಿಲ್ಲುಗಳಲ್ಲಿ ಕೊಡುವುದು ಸಾಮಾನ್ಯ ಸಂಗತಿ. ಬೆಳೆಗಾರರ ಕೈಗೆ ಕೊಡುವ ಬಿಲ್ಲು ಸಂಖ್ಯೆ ಬೇರೆಯೇ ಇರಲಿ, ಪ್ರತಿ ಮೊಬೈಲಿಗೆ ಒಂದು ಮುಂಗುರುತು ಕೊಟ್ಟು ‘ಮೊ2-417’ ಎಂಬಂತೆ ಸಾಗಲಿ. ಆಗ ಜಾಲವಿಲ್ಲದೆಯೂ ಸಂಖ್ಯೆಗಳು ಒಂದಕ್ಕೊಂದು ತಾಗುವುದಿಲ್ಲ.

ಮೊಬೈಲಿನಲ್ಲಿ ಬಿಲ್ಲಿನ ತಲೆಬರಹ, ಅದರ ಕೆಳಗಿನ ಚಾಲಿ, ಪಟೋರ, ಕೋಕ ಮುಂತಾದ ಅಡಿಕೆ ದರ್ಜೆಗಳ ಸಾಲುಗಳು ಮತ್ತು ‘ಕಳುಹಿಸಬೇಕಾದವು’ ಎಂಬ ಪಟ್ಟಿಗೆ ಸೇರಿಸುವ ನಮೂದು, ಈ ಮೂರನ್ನೂ ಒಂದೇ ಟ್ರಾನ್ಸಾಕ್ಷನಿನಲ್ಲಿ ಬರೆಯಿರಿ. ನಡುವೆ ಫೋನು ಸತ್ತರೆ ಮೂರೂ ಉಳಿಯಬೇಕು ಅಥವಾ ಮೂರೂ ಇಲ್ಲದಿರಬೇಕು. ಒಮ್ಮೆ ಆದ ಬಿಲ್ಲನ್ನು ತಿದ್ದುವ ಅವಕಾಶ ಕೊಡಬೇಡಿ. ತಪ್ಪಾದರೆ ಅದನ್ನು ರದ್ದುಪಡಿಸುವ ಇನ್ನೊಂದು ನಮೂದು ಬರಲಿ, ಕೈಬರಹದ ಖಾತೆ ಪುಸ್ತಕದಲ್ಲಿ ನಿಮ್ಮ ಮಾವನವರು ಮಾಡುತ್ತಿದ್ದುದೂ ಹಾಗೆಯೇ ಇರಬೇಕು. ಹೀಗೆ ಮಾಡಿದರೆ ಎರಡು ಕಡೆ ಏಕಕಾಲದಲ್ಲಿ ತಿದ್ದಿದಾಗ ಯಾರದ್ದು ಸರಿ ಎಂಬ ಜಗಳವೇ ಹುಟ್ಟುವುದಿಲ್ಲ.

ಹಿನ್ನೆಲೆಯಲ್ಲಿ ತಾನಾಗಿ ಕಳುಹಿಸುವ ವ್ಯವಸ್ಥೆಯನ್ನು ಪೂರ್ತಿಯಾಗಿ ನೆಚ್ಚಬೇಡಿ. ಆಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ನಿಗದಿತ ಅವಧಿಯ ಕೆಲಸವನ್ನು 15 ನಿಮಿಷಕ್ಕಿಂತ ಕಡಿಮೆ ಅಂತರದಲ್ಲಿ ಮಾಡುವುದಿಲ್ಲ. 2015ರ ಆಂಡ್ರಾಯ್ಡ್ 6ರಿಂದ ಬಂದ, ಬ್ಯಾಟರಿ ಉಳಿಸುವ ಡೋಜ್ ವ್ಯವಸ್ಥೆಯಲ್ಲಿ, ಬಳಸದೆ ಇಟ್ಟ ಫೋನಿನಲ್ಲಿ ಅದು ಇನ್ನೂ ತಡವಾಗುತ್ತದೆ. ಆ್ಯಪು ತೆರೆದಾಗಲೆಲ್ಲ ಕಳುಹಿಸಲು ಯತ್ನಿಸಲಿ, ಮತ್ತು ಮುಖಪುಟದಲ್ಲಿ ‘ಇನ್ನೂ ತಲುಪದ ಬಿಲ್ಲುಗಳು: 3’ ಎಂಬ ಸಾಲು ದೊಡ್ಡದಾಗಿ ಕಾಣಲಿ. ಸಂಜೆ ಅಂಗಡಿಗೆ ಬಂದವರು ಅದು ಸೊನ್ನೆಯಾಗುವುದನ್ನು ನೋಡಿಯೇ ಮನೆಗೆ ಹೋಗುವ ಪದ್ಧತಿ ಮಾಡಿ. ಆ್ಯಪಿಗೆ ಸಹಿ ಹಾಕುವ ಕೀಲಿಯ ಫೈಲನ್ನೂ ಅದರ ಗುಪ್ತಪದವನ್ನೂ ಎರಡು ಕಡೆ ಜೋಪಾನವಾಗಿಡಿ. ನೀವು ಆ್ಯಪನ್ನು ಫೋನಿನಿಂದ ಫೋನಿಗೆ ನೇರವಾಗಿ ಹಂಚುತ್ತಿದ್ದರೆ, ಕೀಲಿ ಕಳೆದುಹೋದ ದಿನದಿಂದ ಹೊಸ ಆವೃತ್ತಿ ಹಳೆಯದರ ಮೇಲೆ ಕೂರುವುದಿಲ್ಲ. ಹಳೆಯದನ್ನು ಅಳಿಸಬೇಕಾಗುತ್ತದೆ, ಅಳಿಸಿದರೆ ತಲುಪದ ಬಿಲ್ಲುಗಳೂ ಅಳಿಯುತ್ತವೆ.

ಒಂದು ರೂಪಾಯಿಯ ವ್ಯತ್ಯಾಸದ ಕಾರಣವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. 12.125 ಕಿಲೋ ಅಡಿಕೆಗೆ ಕಿಲೋಗೆ 404 ರೂಪಾಯಿಯಂತೆ 4898.50 ರೂಪಾಯಿ ಆಗುತ್ತದೆ. ಇದನ್ನು ಪೂರ್ಣ ರೂಪಾಯಿಗೆ ತರಲು ಪೈಥಾನಿನ ‘ರೌಂಡ್’ ಬಳಸಿದರೆ 4898 ಬರುತ್ತದೆ, ಡಾರ್ಟಿನ ‘ರೌಂಡ್’ ಬಳಸಿದರೆ 4899 ಬರುತ್ತದೆ. ಎರಡೂ ತಮ್ಮ ತಮ್ಮ ನಿಯಮದಂತೆ ಸರಿ: ಸರಿಯಾಗಿ ಅರ್ಧ ಬಂದಾಗ ಪೈಥಾನ್ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಡಾರ್ಟ್ ಸೊನ್ನೆಯಿಂದ ದೂರ ಸರಿಯುತ್ತದೆ. ಇದರ ಜತೆಗೆ ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರು ದ್ವಿಮಾನದಲ್ಲಿ ಇಡುವುದರಿಂದ 0.1 ಎಂಬುದನ್ನು ಹತ್ತು ಸಲ ಕೂಡಿದರೆ 1 ಬರದೆ 0.9999999999999999 ಬರುತ್ತದೆ. ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕಗಳಾಗಿ ಇಡಿ. ಭಾಗಿಸುವುದು ಒಂದೇ ಕಡೆ, ಕೊನೆಯಲ್ಲಿ, ನೀವೇ ಬರೆದ ಫಂಕ್ಷನಿನಲ್ಲಿ ನಡೆಯಲಿ. ಅರ್ಧ ಬಂದಾಗ ಯಾರ ಕಡೆಗೆ ಹೋಗಬೇಕೆಂಬುದು ವ್ಯಾಪಾರದ ನಿರ್ಧಾರ. ಬೆಳೆಗಾರರ ಕಡೆಗೆ ಹೋಗಲಿ ಎಂಬುದು ನನ್ನ ಸಲಹೆ. ಮೊಬೈಲು ಬಿಲ್ಲು ಕೊಟ್ಟ ಮೇಲೆ ಆ ಮೊತ್ತವನ್ನೇ ಉಳಿಸಿ ಕಳುಹಿಸಿ, ಕಂಪ್ಯೂಟರು ಅದನ್ನು ಮತ್ತೆ ಲೆಕ್ಕ ಹಾಕದಿರಲಿ. ಬೆಳೆಗಾರರ ಕೈಯಲ್ಲಿರುವ ಕಾಗದದ ಸಂಖ್ಯೆಯೇ ಪ್ರಮಾಣ.

ಎರಡು ಕಂಪ್ಯೂಟರುಗಳು ಹಂಚಿಕೊಂಡ ಫೋಲ್ಡರಿನಲ್ಲಿರುವ ಒಂದೇ ಎಸ್‌ಕ್ಯೂಲೈಟ್ ಫೈಲನ್ನು ತೆರೆಯುವುದನ್ನು ಕೂಡಲೇ ನಿಲ್ಲಿಸಿ. ಎಸ್‌ಕ್ಯೂಲೈಟಿನಲ್ಲಿ ಒಂದು ಕ್ಷಣಕ್ಕೆ ಒಬ್ಬರೇ ಬರೆಯಬಹುದು, ಆ ಸರದಿಯನ್ನು ಅದು ಕಾಯುವುದು ಫೈಲಿನ ಬೀಗಗಳ ಮೂಲಕ. ಜಾಲದ ಮೂಲಕ ತೆರೆದ ಫೋಲ್ಡರುಗಳಲ್ಲಿ ಆ ಬೀಗಗಳನ್ನು ನಂಬುವಂತಿಲ್ಲ, ಫೈಲೇ ಕೆಡುವ ಸಂಭವವಿದೆ. ಒಂದು ಕಂಪ್ಯೂಟರು ಮಾತ್ರ ಫೈಲನ್ನು ತೆರೆದು, ಇನ್ನೊಂದು ಕಂಪ್ಯೂಟರಿನ ಕೋರಿಕೆಗಳಿಗೆ ಅಂಗಡಿಯೊಳಗಿನ ಜಾಲದಲ್ಲೇ ಉತ್ತರಿಸುವ ಪುಟ್ಟ ಸರ್ವರಾಗಿ ಕೆಲಸ ಮಾಡಲಿ. ಮೊಬೈಲಿಗಾಗಿ ನೀವು ಆಗಲೇ ಅಂಥದ್ದನ್ನು ಬರೆದಿರುವುದರಿಂದ ಹೊಸದಾಗಿ ಕಲಿಯುವುದು ಹೆಚ್ಚಿಲ್ಲ. ಆ ಒಂದು ಕಂಪ್ಯೂಟರಿನಲ್ಲಿ ಹೊಸ ಬರಹಗಳನ್ನು ಮೊದಲು ಪ್ರತ್ಯೇಕ ಫೈಲಿನಲ್ಲಿಡುವ ‘ವಾಲ್’ ಕ್ರಮವನ್ನು ಆರಿಸಿಕೊಂಡು, ಬೀಗ ಸಿಗದಿದ್ದಾಗ ಕೆಲವು ಸೆಕೆಂಡು ಕಾಯುವಂತೆ ‘ಬಿಝಿ ಟೈಮ್‌ಔಟ್’ ಹೊಂದಿಸಿ. ಪ್ರತಿದಿನದ ನಕಲಿಗೆ ‘ವ್ಯಾಕ್ಯೂಮ್ ಇಂಟು’ ಎಂಬ ಆಜ್ಞೆ ಇದೆ. ತಂತ್ರಾಂಶ ಓಡುತ್ತಿರುವಾಗಲೂ ಅದು ಸುಸಂಗತವಾದ ಪ್ರತಿಯನ್ನು ತೆಗೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೇಳಿ ಕೇಳಿ ಅಲ್ಲ, ಆದ್ದರಿಂದ ಆ ಕಂಪ್ಯೂಟರಿಗೆ ಯುಪಿಎಸ್ ಬೇಕೇ ಬೇಕು.

ಕಿಟಕಿ ಅಲ್ಲಾಡದೆ ನಿಲ್ಲುವುದಕ್ಕೆ ಬೀಗಕ್ಕಾಗಿ ಕಾಯುವುದೂ ಒಂದು ಕಾರಣ, ಹೆಸರಿನ ಪ್ರತಿ ಅಕ್ಷರ ಒತ್ತಿದಾಗಲೂ ಇಡೀ ಪಟ್ಟಿಯನ್ನು ಹುಡುಕುವುದು ಇನ್ನೊಂದು ಕಾರಣ. ಪರದೆಯನ್ನು ಬರೆಯುವ ಎಳೆಯಲ್ಲೇ (ಥ್ರೆಡ್) ಈ ಕೆಲಸಗಳು ನಡೆದರೆ ಸುಮಾರು 5 ಸೆಕೆಂಡಿನ ಬಳಿಕ ವಿಂಡೋಸ್ ‘ಪ್ರತಿಕ್ರಿಯಿಸುತ್ತಿಲ್ಲ’ ಎನ್ನುತ್ತದೆ, ಆಂಡ್ರಾಯ್ಡು ಸಹ ಸ್ಪರ್ಶಕ್ಕೆ 5 ಸೆಕೆಂಡು ಉತ್ತರ ಸಿಗದಿದ್ದರೆ ಆ್ಯಪನ್ನು ಮುಚ್ಚಲೇ ಎಂದು ಕೇಳುತ್ತದೆ. ಡೇಟಾಬೇಸಿನ ಕೆಲಸವನ್ನು ಬೇರೆ ಎಳೆಗೆ ಕಳುಹಿಸಿ, ಟೈಪಿಸುವುದು ನಿಂತು ಕಾಲು ಸೆಕೆಂಡಾದ ಮೇಲೆ ಮಾತ್ರ ಹುಡುಕಿ. ಫ್ಲಟರಿನಲ್ಲಿ ‘ಅಸಿಂಕ್’ ಎಂದು ಬರೆದ ಮಾತ್ರಕ್ಕೆ ಭಾರದ ಲೆಕ್ಕ ಬೇರೆ ಎಳೆಗೆ ಹೋಗುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಓಡುವ ‘ಐಸೊಲೇಟ್’ ಬೇಕು. ಈ ತಪ್ಪುಕಲ್ಪನೆ ಅನುಭವಿಗಳಲ್ಲೂ ಇದೆ.

ಉಳಿದದ್ದು ರಸೀದಿ. ಸಣ್ಣ ಉಷ್ಣ ಪ್ರಿಂಟರುಗಳು ಅಕ್ಷರದ ಸಂಕೇತಗಳನ್ನು ಪಡೆದು ತಮ್ಮೊಳಗಿನ ಫಾಂಟಿನಿಂದ ಮುದ್ರಿಸುತ್ತವೆ, ಆ ಫಾಂಟಿನಲ್ಲಿ ಸಾಮಾನ್ಯವಾಗಿ ಕನ್ನಡವಿರುವುದಿಲ್ಲ. ಇದ್ದರೂ ಒತ್ತಕ್ಷರವನ್ನು ಕೆಳಗಿಳಿಸಿ ಜೋಡಿಸುವ ಜಾಣ್ಮೆ ಅದಕ್ಕಿಲ್ಲ. ಆದ್ದರಿಂದ ಇಡೀ ರಸೀದಿಯನ್ನು ಚಿತ್ರವಾಗಿ ಬರೆದು ಕಳುಹಿಸಿ. 58 ಮಿ.ಮೀ. ಕಾಗದದ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕೆಗಳು, 80 ಮಿ.ಮೀ.ನಲ್ಲಿ 576 ಚುಕ್ಕೆಗಳು. ಚಿತ್ರದ ಅಗಲ ಅಷ್ಟೇ ಇರಲಿ. ಫ್ಲಟರಿನ ಕ್ಯಾನ್ವಾಸಿನ ಮೇಲೆ ಬರೆದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಪೈಥಾನಿನ ಪಿಲ್ಲೋ ಲೈಬ್ರರಿಯಲ್ಲಿ ‘ರಾಕ್ಮ್’ ಎಂಬ ಜೋಡಣೆಯ ಯಂತ್ರ ಲಭ್ಯವಿಲ್ಲದಿದ್ದರೆ ‘ಕೃಷ್ಣಪ್ಪ’ ಎಂಬ ಹೆಸರಿನ ಒತ್ತುಗಳು ಬಿಡಿಬಿಡಿಯಾಗಿ ಉದುರುತ್ತವೆ. ಅನೇಕ ಪಿಡಿಎಫ್ ಲೈಬ್ರರಿಗಳಲ್ಲೂ ಇದೇ ಕೊರತೆ ಇದೆ. ಕಂಪ್ಯೂಟರಿನಲ್ಲಿರುವ ಫಾಂಟನ್ನು ನಂಬದೆ ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸಾನ್ಸ್ ಮಲಯಾಳಂ ಫಾಂಟುಗಳನ್ನು ತಂತ್ರಾಂಶದ ಜತೆಗೇ ಕೊಡಿ, ಅವುಗಳ ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿಯಾಗಿ ಕಟ್ಟಿದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ.

ಉದ್ದವಾದ ಹೆಸರನ್ನು ಕತ್ತರಿಸುವಾಗ ಅಕ್ಷರ ಎಣಿಸಬೇಡಿ, ಚುಕ್ಕೆಗಳ ಅಗಲವನ್ನು ಅಳೆಯಿರಿ. ‘ಕಾಸರಗೋಡು’ ಎಂಬುದು ಓದುವವರಿಗೆ ಐದಕ್ಷರ, ಯುನಿಕೋಡಿಗೆ 8, ಅದನ್ನು ಸಂಗ್ರಹಿಸುವ ಯುಟಿಎಫ್-8 ರೂಪದಲ್ಲಿ 24 ಬೈಟು. ಎಂಟರಲ್ಲಿ ಐದನ್ನು ಉಳಿಸಿ ಕತ್ತರಿಸಿದರೆ ‘ಕಾಸರಗ’ ಎಂದು ನಿಲ್ಲುತ್ತದೆ, ಓಕಾರ ಕಳೆದುಹೋಗುತ್ತದೆ. ಬಿಲ್ಲಿನ ವಿವರವನ್ನು ಕನ್ನಡದಲ್ಲಿ ಎಸ್‌ಎಂಎಸ್ ಮಾಡುವ ಯೋಜನೆಯಿದ್ದರೆ, ಒಂದು ಸಂದೇಶಕ್ಕೆ ಇಂಗ್ಲಿಷಿನ 160ರ ಬದಲು 70 ಸಂಕೇತಗಳು ಮಾತ್ರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀವು ಕೇಳಿದ ಆರಂಭದ ವಿಷಯಕ್ಕೆ ಬರುತ್ತೇನೆ. ಇಂದು ನಕಲು ತೆಗೆದ ಮೇಲೆ, ನಾಳೆಯೇ ಎರಡನೆಯ ಕಂಪ್ಯೂಟರನ್ನು ಆ ಫೈಲಿನಿಂದ ಬಿಡಿಸಿ, ಬಳಿಕ ಬಿಲ್ಲಿಗೆ ಗುರುತು ಕೊಡುವ ಕೆಲಸ ಮುಗಿಸಿ, ಆಮೇಲೆ ಪೂರ್ಣಾಂಕದ ಲೆಕ್ಕ. ಹೆಸರು ಮತ್ತು ರಸೀದಿಗೆ ಅಡಿಕೆಯ ಭರಾಟೆ ಕಡಿಮೆಯಾಗುವ ತಿಂಗಳುಗಳವರೆಗೆ ಸಮಯ ತೆಗೆದುಕೊಳ್ಳಬಹುದು. ಅಷ್ಟರೊಳಗೆ ಅಂಗಡಿಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟು, ಹುಡುಕಿದಾಗ ಸಿಗದ ಪ್ರತಿಯೊಂದು ಹೆಸರನ್ನೂ ಮಾವನವರಿಂದ ಅದರಲ್ಲಿ ಬರೆಸಿ. ಹುಡುಕುಗೀಲಿಯ ಫಂಕ್ಷನನ್ನು ಬದಲಿಸಿದಾಗಲೆಲ್ಲ ಆ ಹೆಸರುಗಳಷ್ಟನ್ನೂ ಮೊಬೈಲು ಮತ್ತು ಕಂಪ್ಯೂಟರು ಎರಡರಲ್ಲೂ ತಾನಾಗಿ ಪರೀಕ್ಷಿಸುವ ಕೋಡನ್ನು ಅದರ ಪಕ್ಕದಲ್ಲೇ ಇಡಿ. ಆ ಪಟ್ಟಿಯಲ್ಲಿ ಒಂದಾದರೂ ‘ಶ೦ಕರ’, ಒಂದಾದರೂ ಹಳೆಯ ಚಿಲ್ಲಿನ ‘ನಾರಾಯಣನ್’ ಇರಲಿ.